ಪಕ್ಕದ ಹೊಲದವಳ ಹಕ್ಕು

ಹೊಸಕೋಟೆ
12 ಜನವರಿ 2025

ಲೇ ಅಮ್ಮಯ್ಯಾ,

ಇನ್ನುಮೇಲೆ ನಿನ್ನ ಜೊತೆ ಫೋನಿನಲ್ಲಿ ಮಾತಾಡೋದಿಲ್ಲ ಅಂತ ತೀರ್ಮಾನ ಮಾಡಿದ್ದೀನಿ. ನಾನು ಒಂದು ಹೇಳಿದ್ರೆ ನಿನಗೆ ಇನ್ನೊಂದು ಕೇಳಿಸುತ್ತೆ, ಮಧ್ಯದಲ್ಲಿ ನಿನ್ನ ಕಿವಿ ಮೆಷಿನ್ನು ಕುಂಯ್ ಅಂತ ಕೂಗುತ್ತೆ. ನಿನ್ನೆ ಕಿರುಚಿ ಕಿರುಚಿ ನನ್ನ ಗಂಟಲೇ ಕಟ್ಟಿಹೋಯ್ತು. ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು, "ಏನ್ ಟೀಚರ್, ಯಾರ ಜೊತೆ ಜಗಳ?" ಅಂತ ಕೇಳಿದ್ರು. ಕನ್ನಡ ಶಾಲೆಯಲ್ಲಿ ಆಯುಸ್ಸೆಲ್ಲ ಕಾಗುಣಿತ ತಿದ್ದಿದವಳು ನಾನು, ಕಾಗದ ಬರೆಯೋದು ನನಗೆ ಭಾರ ಅಲ್ಲ. ನೀನೂ ನಂದಗುಡಿ ಸ್ಕೂಲಿನಲ್ಲಿ ನನ್ನ ಪಕ್ಕವೇ ಕೂತು ಏಳನೇ ಕ್ಲಾಸು ಮುಗಿಸಿದವಳು. ಕಣ್ಣು ಮಂಜು, ಕೈ ನೋವು ಅಂತೆಲ್ಲ ನೆಪ ಹೇಳಬೇಡ.

ನಿನ್ನೆ ನೀನು "ಬೇಕು ಕಣೇ, ನಂಗೇ ಬೇಕು, ಬೇರೆ ಯಾರ್ಗೂ ಕೊಡ್ಬೇಡ" ಅಂತ ಕೂಗಿದೆಯಲ್ಲ, ಅದನ್ನ ಕೇಳಿ ನಾನು ಅತ್ತುಬಿಟ್ಟೆ. ನಮ್ಮ ಅಬ್ಬಾ ಬಿಟ್ಟುಹೋದ ಆ ಮೂರು ಎಕರೆ ಮಾರಾಟಕ್ಕೆ ಬಂದಿದೆ ಅಂತ ನಿನಗೆ ಹೇಗೆ ಹೇಳೋದು ಅಂತ ದೀಪಾವಳಿಯಿಂದ ಒದ್ದಾಡ್ತಾ ಇದ್ದೆ. ನಿನ್ನ ಹೊಲದ ಬದುವಿಗೇ ಅಂಟಿಕೊಂಡಿರೋ ಜಮೀನು, ನಿನಗೇ ಹೇಳದೆ ಹೇಗೆ? ಬೆಂಗಳೂರಿನ ಲೇಔಟಿನವರು ನನ್ನ ತಮ್ಮ ನಜೀಬನ ಹಾರ್ಡ್‌ವೇರ್ ಅಂಗಡಿಗೆ ದಿನಾ ಬರ್ತಾ ಇದ್ದಾರೆ. ಅವನು ಒಪ್ಪಿಬಿಟ್ಟಿದ್ದ. ನಾನೇ ತಡೆದೆ. "ಮೊದಲು ಶುಫಾ ಕೇಳು, ಆಮೇಲೆ ಅಡ್ವಾನ್ಸ್ ಮುಟ್ಟು" ಅಂದೆ.

ಶುಫಾ ಅಂದ್ರೆ ನಮ್ಮಲ್ಲಿ ಹಳೇ ನೇಮ. ಜಮೀನು ಮಾರೋ ಮುಂಚೆ ಪಕ್ಕದ ಹೊಲದವರಿಗೆ ಹೇಳಬೇಕು. ಹೊರಗಿನವರು ಕೊಡೋ ಬೆಲೆಗೇ ಅವರು ತಗೋತೀವಿ ಅಂದ್ರೆ ಅವರದೇ ಮೊದಲ ಹಕ್ಕು. ಗೊತ್ತಿಲ್ಲದವರು ಯಾರೋ ಬಂದು ನೆರೆಯವರಿಗೆ ತೊಂದರೆ ಆಗಬಾರದು ಅಂತ. ನಿನ್ನೆ ಫೋನಿನಲ್ಲಿ "ಶುಫಾ ಮೊದಲು ನಿನಗೇ" ಅಂತ ನಾನು ಕಿರುಚಿದ್ದು ಇದನ್ನೇ. ನಜೀಬನೂ ಅವನ ಹೆಂಡತಿ ಉಮ್ಮೆ ಹಬೀಬಾನೂ ಪಕ್ಕದಲ್ಲೇ ಇದ್ದರು, ಸ್ಪೀಕರಿನಲ್ಲಿ ನಿನ್ನ ಮಾತು ಕೇಳಿಸಿಕೊಂಡರು. ನಜೀಬನ ಮುಖ ಹರಳೆಣ್ಣೆ ಕುಡಿದ ಹಾಗಾಯ್ತು. ಆದ್ರೂ ಬ್ರೋಕರಿಗೆ ಫೋನ್ ಮಾಡಿ ನಿಲ್ಲಿಸಿದ್ದಾನೆ. ಅವನದೊಂದೇ ಪ್ರಶ್ನೆ: "ಬೈರೇಶನ ಹತ್ರ ಅಷ್ಟು ದುಡ್ಡು ಎಲ್ಲಿಂದ ಬಂತು ಆಪಾ?" ಅದು ನನಗೂ ಗೊತ್ತಾಗಲಿಲ್ಲ. ನಿನ್ನ ಮಗ ಏನಾದ್ರೂ ಲಾಟರಿ ಹೊಡೆದನಾ?

ಸೊಗಡಿನ ಅವರೆಕಾಯಿ ಬಂದಿದ್ರೆ ಕಳಿಸು. ಇಲ್ಲಿ ಸಂತೆಯಲ್ಲಿ ಬರೋದಕ್ಕೆ ವಾಸನೇನೇ ಇಲ್ಲ.

ನಿನ್ನ ಬೆಂಚಿನವಳು,
ಜಹೀರುನ್ನೀಸಾ


ನಂದಗುಡಿ ಹತ್ರ, ನಮ್ಮನೆ
20 ಜನವರಿ 2025

ಜಹೀರಾ,

ನಿನ್ ಮನೆ ಕಾಯ್ವಾಗ! ನೀನು ಹೇಳಿದ್ದು ಶುಫಾನಾ? ನಾನು ಸೋಫಾ ಅಂದ್ಕೊಂಡ್ನಲ್ಲೇ!

ನಿನ್ನ ತಮ್ಮನ ಮನೆಗೆ ಹೊಸಾ ಸೋಫಾ ತಂದವ್ರೆ, ಹಳೇದನ್ನ ನಂಗೆ ಕೊಡ್ತಾವ್ಳೆ ಅಂತ ನಾನು. ಅದ್ಕೇ ಅಷ್ಟು ಜೋರಾಗಿ ಬೇಕು ಅಂದಿದ್ದು. ಫೋನ್ ಇಟ್ಟವಳೇ ನಡುಮನೆ ಖಾಲಿ ಮಾಡಿಸ್ದೆ. ನಮ್ಮ ಯಜಮಾನ್ರು ಇದ್ದಾಗಿಂದ ಅಲ್ಲೇ ಇದ್ದ ಮಂಚ ಕೊಟ್ಟಿಗೆಗೆ ಹೋಯ್ತು. ರಾಗಿ ಮೂಟೆ ಅಡುಗೆಮನೆಗೆ ಹೋಯ್ತು. ನಾನು ಸುಮ್ನೆ ಇರೋಳಾ? ಬೀದಿಗೆಲ್ಲ ಸಾರ್ಕೊಂಡು ಬಂದೆ, ನಮ್ಮ ಟೀಚರ್ ಸೋಫಾ ಕಳಿಸ್ತಾವ್ರೆ ಅಂತ. ಎದುರುಮನೆ ಆದಿಲಕ್ಷ್ಮಮ್ಮ "ಮೂರು ಜನ ಕೂರೋದಾ, ಐದು ಜನ ಕೂರೋದಾ" ಅಂತ ದಿನಾ ಬಂದು ಕೇಳ್ತಾವ್ಳೆ. ಈಗ ಅವಳಿಗೆ ಏನು ಹೇಳಲಿ? ಸೋಫಾ ಅಲ್ಲ ಕಣಮ್ಮ, ಮೂರು ಎಕರೆ ಹೊಲ ಅಂತ ಹೇಳಲಾ?

ನಕ್ಕಿದ್ದೂ ಆಯ್ತು. ಈಗ ಕೇಳು. ದೀಪಾವಳಿಯಿಂದ ಒಳಗೇ ಇಟ್ಕೊಂಡಿದ್ಯಾ? ನಿಮ್ಮ ಅಬ್ಬಾ ಮಣ್ಣಿಗೆ ಹೋದ ದಿವ್ಸ ನಿನ್ನ ಪಕ್ಕ ಕೂತಿದ್ದೋಳು ನಾನು. ನನ್ನ ಯಜಮಾನ್ರು ಹೋದಾಗ ನಮ್ಮನೇಲಿ ಒಲೆ ಹಚ್ಚಿದೋಳು ನೀನು. ಅಂಥಾದ್ರಲ್ಲಿ ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೇ.

ನನ್ನ ಹೊಲಕ್ಕೆ ಬಂಡಿ ದಾರಿ ಇರೋದು ನಿಮ್ಮ ಬದುವಿನ ಮೇಲೆ. ನಿಮ್ಮ ಅಬ್ಬಾ ಬಿಟ್ಟಿದ್ದು. ಕಾಗದ ಇಲ್ಲ, ಪತ್ರ ಇಲ್ಲ, ಬರೀ ಬಾಯಿ ಮಾತು. ಲೇಔಟಿನೋರು ಬಂದ ಮೊದಲ್ನೇ ದಿವ್ಸ ಮಾಡೋ ಕೆಲಸ ಕಾಂಪೌಂಡ್ ಹಾಕೋದು. ಆಮೇಲೆ ನನ್ನ ಹಸು ಏನು ಗೋಡೆ ಹಾರ್ಕೊಂಡು ಹೋಗ್ತದಾ? ಮೇವಿಗೆ ಏನು ಮಾಡ್ಲಿ?

ಇನ್ನು ನಿನ್ನ ಶುಫಾ. ಡೈರಿಗೆ ಹಾಲು ಹಾಕೋ ಕೈಯಿ ಇದು, ಲೇಔಟಿನೋರು ಕೊಡೋ ಬೆಲೆ ಎಲ್ಲಿಂದ ತರ್ಲಿ? ದುಡ್ಡಿದ್ದೋರಿಗೆ ಆಗೋ ಹಕ್ಕು ಅದು. ಹಲ್ಲಿಲ್ಲದೋಳ ಮುಂದೆ ಕಬ್ಬಿನ ಜಲ್ಲೆ ಇಟ್ಟು "ಮೊದಲು ನೀನೇ ತಿನ್ನು" ಅಂದಂಗೆ.

ಅವರೆಕಾಯಿ ಕಳಿಸಲ್ಲ. ಕೋಪ ಬಂದೈತೆ.

ಅಮ್ಮಯಮ್ಮ


ಹೊಸಕೋಟೆ
2 ಫೆಬ್ರವರಿ 2025

ಅಮ್ಮಯ್ಯಾ,

ನಿನ್ನ ಕಾಗದ ಓದಿ ಮೊದಲು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಕೆಳಗೆ ಓದ್ತಾ ಹೋದ ಹಾಗೆ ನಗು ನಿಂತುಹೋಯ್ತು. ನೀನು ಬೈದಿದ್ದೆಲ್ಲ ಸರಿ. ನಿನಗೆ ಹೇಳಬೇಕಾದ ದಿನ ಹೇಳಲಿಲ್ಲ, ಹೆದರಿಕೊಂಡೆ. ನಿನ್ನ ಮುಖ ನೋಡಿದ್ರೆ ಮಾರೋಕೆ ಮನಸ್ಸು ಬರಲ್ಲ ಅಂತ ನೋಡೋದನ್ನೇ ತಪ್ಪಿಸಿಕೊಂಡೆ.

ಯಾಕೆ ಮಾರೋಕೆ ಹೊರಟೆ ಅಂತ ನೀನು ಕೇಳಲೇ ಇಲ್ಲ. ನಾನೇ ಹೇಳ್ತೀನಿ. ಈ ಬಾಡಿಗೆ ಮನೆ ಎರಡನೇ ಮಹಡಿ. ಮಂಡಿ ನೋವಿಗೆ ಮೆಟ್ಟಿಲು ಇಳಿದ್ರೆ ಹತ್ತೋಕಾಗಲ್ಲ, ಹತ್ತಿದ್ರೆ ಇಳಿಯೋಕಾಗಲ್ಲ. ನಮಾಜಿಗೆ ಕುರ್ಚಿ ಹಾಕ್ಕೊಂಡು ಕೂರ್ತೀನಿ. ಸಾಯೋ ಮುಂಚೆ ಒಂದು ನೆಲದ ಮನೆ, ಬಾಗಿಲು ತೆಗೆದ್ರೆ ಮಣ್ಣು ಕಾಣಬೇಕು, ಅಷ್ಟೇ ಆಸೆ. ಅದಕ್ಕೇ ನಜೀಬ ಮಾರೋಣ ಅಂದಾಗ ಹೂಂ ಅಂದೆ.

ಸೋಫಾ ವಿಷಯ ಗೊತ್ತಾದ ಕೂಡಲೇ ನಜೀಬನಿಗೆ ಹಬ್ಬ. "ಸೋಫಾ ಕೇಳಿದ್ರೆ ಶುಫಾ ಆಗಲ್ಲ ಆಪಾ, ಬ್ರೋಕರನ್ನ ಕರೀತೀನಿ" ಅಂದ. ನಾನು ಬಿಡಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗಾಯ್ತು ನಮ್ಮಿಬ್ಬರದು. ಕೊನೆಗೆ ಇಬ್ಬರೂ ಮೌಲಾನಾ ಸಾಹೇಬರ ಹತ್ರ ಹೋದ್ವಿ.

ನಜೀಬ ಕೇಳಿದ ಮೊದಲ ಪ್ರಶ್ನೆ, "ಪಕ್ಕದವರು ನಮ್ಮ ಜನ ಅಲ್ಲ, ಅವರಿಗೂ ಈ ಹಕ್ಕು ಇದೆಯಾ?" ಮೌಲಾನಾ ಅವನ ಮುಖವನ್ನೇ ನೋಡಿದರು. "ನೆರೆಯವನು ನೆರೆಯವನೇ ಅಲ್ಲವೇನಪ್ಪಾ? ನಮ್ಮ ಹನಫಿ ಪಂಥದ ಕಿತಾಬುಗಳಲ್ಲಿ ಇಬ್ಬರಿಗೂ ಒಂದೇ ಹಕ್ಕು. ಅದರಲ್ಲೂ ಒಂದೇ ದಾರಿ ಹಂಚಿಕೊಂಡವರು ಅಂದ್ರೆ ಬರೀ ನೆರೆಯವರಿಗಿಂತ ಮುಂದು" ಅಂದರು. ನಿನ್ನ ಬಂಡಿ ದಾರಿಗೆ ಅಷ್ಟು ಬೆಲೆ ಇದೆ ನೋಡು. ಕೋರ್ಟಿನಲ್ಲಿ ಇದೆಲ್ಲ ನಿಲ್ಲುತ್ತೋ ಇಲ್ವೋ ತಮಗೆ ಗೊತ್ತಿಲ್ಲ, ಆದ್ರೆ ದೇವರ ಮುಂದೆ ನಿಲ್ಲುತ್ತೆ ಅಂತಲೂ ಹೇಳಿದರು.

ಆಮೇಲೆ ಸೋಫಾ ಕಥೆ ಹೇಳಿದೆ. ಪಾಪ, ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಮಾರಾಟದ ಸುದ್ದಿ ಕಿವಿಗೆ ಬಿದ್ದ ಗಳಿಗೆಯಲ್ಲೇ ಎದ್ದು "ನನಗೆ ಬೇಕು" ಅನ್ನಬೇಕಂತೆ. ನಾಳೆ ನೋಡೋಣ ಅಂತ ಕೂತರೆ ಹಕ್ಕು ಹೋಯ್ತು. "ಆಕೆ ಎದ್ದದ್ದೇನೋ ನಿಜ, ಆದ್ರೆ ಬೇರೆ ವಸ್ತುವಿಗೆ ಎದ್ದಿದ್ದಾರೆ. ಇದು ಲೆಕ್ಕಕ್ಕೆ ಬರಲ್ಲ. ಈಗ ಸರಿಯಾಗಿ ತಿಳಿಸಿದ್ದೀರಲ್ಲ, ಉತ್ತರ ಬರೋವರೆಗೆ ಕಾಯಿರಿ" ಅಂದರು.

ನಿನ್ನ ಕಬ್ಬಿನ ಜಲ್ಲೆ ಮಾತನ್ನೂ ಅವರ ಮುಂದೆ ಇಟ್ಟೆ. ದುಡ್ಡಿಲ್ಲದವಳಿಗೆ ಈ ಹಕ್ಕಿನಿಂದ ಏನು ಲಾಭ ಸ್ವಾಮಿ ಅಂತ ನೇರವಾಗೇ ಕೇಳಿದೆ. "ಬೆಲೆ ಎಷ್ಟು ಅಂತ ಹೇಳೋರು ನೀವಮ್ಮ, ನಾನಲ್ಲ" ಅಂದರು.

ನಿನ್ನ ಮನಸ್ಸಿನಲ್ಲಿ ಏನಿದೆ ಬರಿ. ಕೋಪ ಇದ್ರೂ ಬರಿ.

ಜಹೀರ


ನಮ್ಮನೆ
28 ಮಾರ್ಚ್ 2025

ಜಹೀರಾ,

ಎರಡು ತಿಂಗ್ಳು ಬರೀಲಿಲ್ಲ, ಬೇಜಾರು ಮಾಡ್ಕೋಬೇಡ. ಬರೀಬೇಕು ಅಂತ ಕೂರೋದು, ಹಸು ಕೂಗೋದು, ಎದ್ದು ಹೋಗೋದು. ಹಸು ಕೂಗ್ದೇ ಇದ್ರೂ ಎದ್ದು ಹೋಗ್ತಿದ್ದೆ ಅನ್ನು.

ಭಾನುವಾರ ನಮ್ಮ ಯುಗಾದಿ. ಚಂದ್ರ ಕಂಡ್ರೆ ಸೋಮವಾರ ನಿಮ್ಮ ಹಬ್ಬ ಅಂತ ಬೈರೇಶ ಹೇಳ್ದ. ಒಂದರ ಬೆನ್ನಿಗೆ ಒಂದು ಹಬ್ಬ, ಈ ಸಲ ಚೆನ್ನಾಗೈತೆ. ಒಬ್ಬಟ್ಟು ಮಾಡಿ ಬೈರೇಶನ ಕೈಲಿ ಕಳಿಸ್ತೀನಿ, ತುಪ್ಪ ಹಾಕ್ಕೊಂಡು ತಿನ್ನು. ನೀನು ಕಳಿಸೋ ಸೇವಿಗೆ ಪಾಯಸಕ್ಕೆ ಕಾಯ್ತಾ ಇರ್ತೀನಿ.

ಈಗ ಹೇಳ್ಬೇಕಾದ್ದು. ನಿನ್ನ ಮಂಡಿ ವಿಷ್ಯ ನಂಗೆ ಗೊತ್ತಿರ್ಲಿಲ್ಲ. ನೀನು ಸ್ಕೂಲಿಗೆ ಓಡ್ತಿದ್ದ ಕಾಲೇ ನನ್ನ ಕಣ್ಣಲ್ಲಿ ಐತೆ. ಆ ಕಾಲು ಮೆಟ್ಟಿಲು ಹತ್ತಾಕಾಗ್ದೆ ಕೂತೈತೆ ಅನ್ನೋದನ್ನ ಎರಡೆರಡು ಸಲ ಓದ್ದೆ. ನೀನು ಮಾರು. ನೆಲದ ಮನೆ ತಗೋ. ನಿನ್ನ ಶುಫಾ ನಂಗೆ ಬೇಡ ಅಂತ ಬೇರೆ ಹಾಳೇಲಿ ಬರ್ದು ರುಜು ಹಾಕಿ ಇದ್ರಲ್ಲೇ ಇಟ್ಟಿದೀನಿ. ನಿಮ್ಮ ಮೌಲಾನಾಗೆ ತೋರ್ಸು, ನಿನ್ನ ಮೇಲೆ ದೋಷ ಬರೋದು ಬೇಡ.

ಆ ರುಜು ಹಾಕುವಾಗ ಒಂದು ಜ್ಞಾಪಕ ಬಂತು. ನಮ್ಮಪ್ಪ ಹೋದ ವರ್ಷ ನಮ್ಮಣ್ಣಂದ್ರು ನನ್ನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿದ್ರು. "ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆ ಬರ್ಬೇಕು, ಆಸ್ತಿಗಲ್ಲ" ಅಂದ್ರು. ರುಜು ಹಾಕ್ದೆ. ಹೋಟ್ಲಲ್ಲಿ ಮಸಾಲೆದೋಸೆ ಕೊಡ್ಸಿ, ಒಂದು ಸೀರೆ ಕೊಟ್ಟು, ಬಸ್ ಹತ್ಸಿದ್ರು. ನಿಮ್ಮಲ್ಲಿ ಹೆಣ್ಣಿಗೆ ಗಂಡಿನ ಅರ್ಧ ಪಾಲು ಅಂತ ಒಂದ್ಸಲ ನೀನು ಹೇಳಿದ್ದೆ. ಅಯ್ಯೋ ಅರ್ಧಾನೇನಾ ಅಂತ ನಾನು ನಕ್ಕಿದ್ದೆ. ಆ ದಿವ್ಸ ಬಸ್ಸಲ್ಲಿ ಕೂತ್ಕೊಂಡು ಅನ್ಕೊಂಡೆ, ಅರ್ಧ ಆದ್ರೂ ಬರ್ದಿಟ್ಟವ್ರಲ್ಲ ಅಂತ.

ಇದು ನನ್ನ ಎರಡ್ನೇ ರುಜು. ಅವತ್ತು ಹಾಕಿಸ್ಕೊಂಡ್ರು, ಇವತ್ತು ನಾನಾಗೇ ಹಾಕ್ತಾ ಇದೀನಿ. ನಿನಗೋಸ್ಕರ.

ಉಪವಾಸ ಅಂತ ತೀರಾ ಸೊರಗ್ಬೇಡ.

ಅಮ್ಮಯ್ಯ


ಹೊಸಕೋಟೆ
20 ಏಪ್ರಿಲ್ 2025

ನನ್ನ ಅಮ್ಮಯ್ಯಾ,

ಒಬ್ಬಟ್ಟು ಬಂತು, ಕಾಗದವೂ ಬಂತು. ಒಬ್ಬಟ್ಟು ನಜೀಬ ಮುಕ್ಕಾಲು ಪಾಲು ತಿಂದ. ಕಾಗದ ನಾನು ಅವನಿಗೆ ಕೊಡಲಿಲ್ಲ, ನಾನೇ ಗಟ್ಟಿಯಾಗಿ ಓದಿದೆ, ಹಬ್ಬದ ದಿನ, ಊಟ ಆದಮೇಲೆ. ಬಸ್ ಹತ್ತಿಸಿದರು ಅನ್ನೋ ಜಾಗಕ್ಕೆ ಬಂದಾಗ ಹಾಳೆ ಮಡಿಲಲ್ಲಿಟ್ಟುಬಿಟ್ಟೆ. ಉಮ್ಮೆ ಹಬೀಬಾ ಹಾಳೆ ಇಸಕೊಂಡು ಉಳಿದದ್ದು ಓದಿ ಮುಗಿಸಿದಳು.

ಮುಗಿಸಿದವಳು ಸುಮ್ಮನಿರಲಿಲ್ಲ. ಗಂಡನ ಕಡೆ ತಿರುಗಿ, "ನಿಮ್ಮ ಸೋದರತ್ತೆಯರ ಹತ್ರ 'ನಮ್ಮ ಪಾಲು ಬೇಡ, ಮಾಫ್ ಮಾಡಿದ್ವಿ' ಅಂತ ಹೇಳಿಸಿಕೊಂಡಿದ್ದು ನಿಮ್ಮ ಮನೆಯವರೇ ಅಲ್ವಾ? ನಮ್ಮಲ್ಲೂ ಕಿತಾಬಿನಲ್ಲಿ ಅರ್ಧ ಪಾಲು ಇದೆ, ಕೈಗೆ ಬಂದಿದ್ದು ಸೀರೆಯೇ" ಅಂದಳು. ನನ್ನ ನಾದಿನಿ ಅಷ್ಟು ಮಾತಾಡಿದ್ದನ್ನ ನಾನು ಕೇಳೇ ಇರಲಿಲ್ಲ ಕಣೇ. ನನಗೂ ಧೈರ್ಯ ಬಂತು. "ನಜೀಬ, ನನ್ನ ಪಾಲು ನನಗೆ ಬೇರೆ ಮಾಡಿಕೊಡು" ಅಂದೆ. ಅಬ್ಬಾ ಹೋಗಿ ಇಷ್ಟು ವರ್ಷವಾದರೂ ನಾನು ಆ ಮಾತು ಆಡಿರಲಿಲ್ಲ. ಅವನೂ ಕೇಳಿರಲಿಲ್ಲ. ಮಾರಿದ ಮೇಲೆ ಆಪಾಗೆ ಏನಾದ್ರೂ ಕೊಟ್ರಾಯ್ತು ಅಂತ ಇದ್ದ, ಪಾಪಿ. ಕೆಟ್ಟವನಲ್ಲ ಅವನು, ಅಭ್ಯಾಸ ಅಷ್ಟೇ.

ಅವನಿಗೆ ಎರಡು ಎಕರೆ, ನನಗೆ ಒಂದು. ಯಾವ ಕಡೆ ಬೇಕು ಆಪಾ ಅಂತ ಕೇಳಿದ. ನಿನ್ನ ಬದುವಿನ ಕಡೆದು, ಬಂಡಿ ದಾರಿ ಸೇರಿಸಿ, ಅಂದೆ. ಬ್ರೋಕರಿಗೆ ಬೇಕಾಗಿದ್ದೂ ಅದೇ, ಅದಿಲ್ಲದೆ ಒಳಗೆ ಲಾರಿ ಹೋಗಲ್ಲ. ಬಂದು ನೋಡಿದ, ಬೈದ, ಹೋದ. ನಜೀಬ ನನ್ನ ಜೊತೆ ಮಾತು ಬಿಟ್ಟ. ಹೋದ ಶುಕ್ರವಾರ ಮಾತ್ರ ಬಿರಿಯಾನಿ ಡಬ್ಬಿ ಹಿಡ್ಕೊಂಡು ಎರಡು ಮಹಡಿ ಹತ್ತಿ ಬಂದು, "ಉಪ್ಪು ಜಾಸ್ತಿ ಆಗಿದೆ, ಬೇಕಿದ್ರೆ ತಿನ್ನಿ" ಅಂದ. ಉಪ್ಪು ಸರಿಯಾಗೇ ಇತ್ತು.

ನೀನು ಬರೆದುಕೊಟ್ಟ ಆ "ಬೇಡ" ಹಾಳೆಯನ್ನ ಮೌಲಾನಾ ಅವರಿಗೆ ತೋರಿಸಲಿಲ್ಲ. ಹರಿದು ಒಲೆಗೆ ಹಾಕಿದೆ. ನನ್ನ ಒಂದು ಎಕರೆ ಮಾರಾಟಕ್ಕೇ ಇಲ್ಲ ಅಂದಮೇಲೆ ಬೇಡ ಅನ್ನೋಕೆ ಏನಿದೆ? ದಾರಿ ನಿನ್ನದೇ. ಉಳಿದದ್ದರಲ್ಲಿ ಮೇವು ಹಾಕು, ರಾಗಿ ಹಾಕು. ನೆಲ ನನ್ನದು, ದುಡಿಮೆ ನಿನ್ನದು, ಬೆಳೆದದ್ದರಲ್ಲಿ ನನಗೆ ಪಾಲು ಕೊಡು. ಗುತ್ತಿಗೆ ಅಂತ ಮೊದಲೇ ಇಷ್ಟು ಅಂತ ಬೇಡ. ಮಳೆ ಕೈಕೊಟ್ರೆ ಇಬ್ಬರಿಗೂ ಕೈಕೊಡಲಿ.

ನೆಲದ ಮನೆ ಕೇಳ್ತೀಯಾ? ಇಲ್ಲ. ಬೇಜಾರಾಗಿಲ್ಲ ಅಂದ್ರೆ ಸುಳ್ಳು. ಮೆಟ್ಟಿಲು ಹತ್ತುವಾಗ ನಿನ್ನನ್ನೂ ನಿನ್ನ ಹಸುವನ್ನೂ ಬೈಕೊಂಡೇ ಹತ್ತುತ್ತೀನಿ.

ನಿನ್ನ,
ಜಹೀರ


ನಮ್ಮನೆ
6 ಜುಲೈ 2025

ಜಹೀರಾ,

ರಾಗಿ ಹಾಕೋಕೆ ನೆಲ ಹದ ಮಾಡ್ಸಿದೀನಿ. ನಿನ್ನ ಎಕರೇಲಿ ಸೀಮೆಹುಲ್ಲು ಮೊಳಕಾಲುದ್ದ ಬಂದೈತೆ. ಇಷ್ಟು ಒಳ್ಳೇ ಸುದ್ದಿ. ಇನ್ನು ಕೆಟ್ಟದ್ದು.

ಅದೇ ಬ್ರೋಕರ್ರು ನಿಮ್ಮ ಕಡೆಯಿಂದ ಆಗ್ಲಿಲ್ಲ ಅಂತ ಈಗ ನಮ್ಮ ಬೈರೇಶನ ಹಿಡ್ಕೊಂಡವ್ನೆ. ಆ ಕಡೆ ಕೆರೆ ದಾರಿಯಿಂದ ರಸ್ತೆ ತರ್ತಾನಂತೆ, ನನ್ನ ಹೊಲ ಬೇಕಂತೆ. ಬೈರೇಶನಿಗೆ ಕಾರ್ಖಾನೆ ಪಾಳಿ ಸಾಕಾಗೈತೆ. ಸ್ವಂತಕ್ಕೆ ಒಂದು ಟ್ರಾವೆಲ್ಸ್ ಗಾಡಿ ಹಾಕ್ಬೇಕು ಅಂತ ಆಸೆ. ತಪ್ಪಲ್ಲ ಅದು. ಮದುವೆ ಆಗಿ ಮಗಳಿರೋ ಗಂಡಸು, ಎಷ್ಟು ದಿವ್ಸ ಇನ್ನೊಬ್ಬರ ಕೈಕೆಳಗೆ ಇರ್ತಾನೆ? ನಿನ್ನೆ ಅಗ್ರಿಮೆಂಟ್ ಕಾಗ್ದ ತಂದು ನನ್ನ ಮುಂದಿಟ್ಟು, ಪೆನ್ನು ಕೈಗೆ ಕೊಟ್ಟ. ಹೊಲ ನನ್ನ ಹೆಸ್ರಲ್ಲೈತಲ್ಲ.

ಜಹೀರಾ, ನಂಗೆ ಇಲ್ಲ ಅನ್ನೋಕೆ ಬರಾಕಿಲ್ಲ. ಅಣ್ಣಂದ್ರಿಗೆ ಬರ್ಲಿಲ್ಲ, ಮಗನಿಗೆ ಹೆಂಗೆ ಬರ್ತದೆ? ಹೆತ್ತ ಕರುಳು ಇದು. ಆ ಹೊಲ ಹೋದ್ರೆ ನಾನು ಬೆಳಗಾಗೆದ್ದು ಎಲ್ಲಿಗೆ ಹೋಗ್ಲಿ, ಏನು ಮಾಡ್ಲಿ ಅಂತ ಅವನಿಗೆ ಹೇಳಾಕೆ ನಾಲಿಗೆ ಏಳ್ಲಿಲ್ಲ. ಪೆನ್ನು ಹಿಡ್ಕೊಂಡೇ ಕೂತಿದ್ದೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು ನೋಡು: "ಪಕ್ಕದ ಹೊಲದೋಳನ್ನ ಕೇಳಿದ್ಯಾ?"

ಅವನಿಗೆ ಅರ್ಥ ಆಗ್ಲಿಲ್ಲ. "ಅವ್ರನ್ನ ಯಾಕಮ್ಮ ಕೇಳ್ಬೇಕು?" ಅಂದ. ಮಾರೋ ಮುಂಚೆ ಅವಳನ್ನ ಕೇಳ್ಬೇಕು, ಅವಳು ಬೇಕು ಅಂದ್ರೆ ಅವಳಿಗೇ ಮೊದಲು, ಅಂದೆ. "ಇದ್ಯಾವ ಕಾನೂನು? ಅವ್ರದ್ದು ಅವ್ರಿಗೆ, ನಮಗ್ಯಾಕೆ?" ಅಂದ. ನಾನಂದೆ, "ಬದು ಒಂದೇ ಅಲ್ವೇನೋ? ಆ ಕಡೆಯಿಂದ ನಮ್ಮನ್ನ ಕೇಳಿದ್ರಲ್ಲ, ಈ ಕಡೆಯಿಂದ ನಾವು ಕೇಳ್ಬೇಡ್ವಾ? ನಿನ್ನ ಟೀಚರ್ ಮನೆ ಕಟ್ಟೋದು ಬಿಟ್ಟು ನಮಗೆ ದಾರಿ ಬಿಟ್ಟವ್ಳೆ." "ಅವ್ರ ಹತ್ರ ದುಡ್ಡೆಲ್ಲೈತಮ್ಮ" ಅಂದ. "ಅದು ಅವಳ ಪಾಡು. ಕೇಳೋದು ನನ್ನ ಪಾಡು" ಅಂದೆ. ಕಾಗ್ದ ಮಡಚಿಟ್ಟು, "ಹಂಗಾದ್ರೆ ಕೇಳು, ಅವ್ರು ಬೇಡ ಅಂದ ದಿವ್ಸ ರುಜು ಹಾಕು" ಅಂದು ಪಾಳಿಗೆ ಹೋದ.

ಅದ್ಕೇ ಈ ಕಾಗ್ದ. ಪಕ್ಕದ ಹೊಲದ ಜಹೀರುನ್ನೀಸಾ ಅವ್ರೇ, ನಾನು ಅಮ್ಮಯಮ್ಮ, ನನ್ನ ಹೊಲ ಮಾರಾಟಕ್ಕೆ ಬಂದೈತೆ. ಮೊದಲು ನಿಮ್ಮನ್ನ ಕೇಳ್ತಾ ಇದೀನಿ. ನೀನು ಕೂತು ಯೋಚ್ನೆ ಮಾಡಿದ್ರೆ ಹಕ್ಕು ಹೋಯ್ತದೆ ಅಂತ ನೀನೇ ಬರ್ದಿದ್ದೆ. ನೀನು ಸುಮ್ನಾದ್ರೆ ನಾನು ಮೂರನೇ ರುಜು ಹಾಕ್ಬಿಡ್ತೀನಿ ಕಣೇ, ನನ್ನ ನಂಬ್ಬೇಡ.

ಅಮ್ಮಯ್ಯ


ಹೊಸಕೋಟೆ
9 ಜುಲೈ 2025

ಅಮ್ಮಯ್ಯಾ,

ಬೇಕು. ನನಗೇ ಬೇಕು. ಬೇರೆ ಯಾರಿಗೂ ಕೊಡಬೇಡ.

ಸಾಕ್ಷಿಗೆ ನಜೀಬುಲ್ಲಾ, ಉಮ್ಮೆ ಹಬೀಬಾ ಇಬ್ಬರೂ ಕೆಳಗೆ ರುಜು ಹಾಕ್ತಾರೆ. ಅಂಚೆಯವನು ಬಂದಾಗ ಇಬ್ಬರೂ ಇಲ್ಲೇ ಇದ್ದರು. ದುಡ್ಡು ನನ್ನ ಹತ್ರಾನೂ ಇಲ್ಲ, ಅದು ನಿನಗೆ ಗೊತ್ತು, ಬೈರೇಶನಿಗೂ ಗೊತ್ತು. ಕೂಡಿಸೋವರೆಗೆ ನೀನು ಕಾಯಬೇಕು. ಎಷ್ಟು ವರ್ಷ ಅಂತ ಕೇಳಬೇಡ.

ಬೈರೇಶನನ್ನ ಭಾನುವಾರ ನಜೀಬನ ಅಂಗಡಿಗೆ ಕಳಿಸು. ಗಾಡಿಗೆ ದುಡ್ಡು ಇವನು ಹಾಕ್ತಾನಂತೆ, ಸಾಲ ಅಲ್ಲ, ಪಾಲು. ದುಡಿಮೆ ಅವನದು, ಬಂದ ಲಾಭ ಹಂಚಿಕೆ. ನಷ್ಟ ಆದ್ರೆ ಇವನ ದುಡ್ಡು ಹೋಗುತ್ತೆ, ಅವನ ಮೈ ದಣಿದದ್ದು ಹೋಗುತ್ತೆ, ಅವನ ತಲೆ ಮೇಲೆ ಏನೂ ಕೂರಲ್ಲ. ನಜೀಬ ಇದನ್ನ ಗೊಣಗಿಕೊಂಡೇ ಹೇಳಿದ್ದಾನೆ, ಆದ್ರೆ ಅವನಾಗೇ ಹೇಳಿದ್ದು. ಆಗುತ್ತೋ ಇಲ್ವೋ ಇಬ್ಬರೂ ಕೂತು ಮಾತಾಡಲಿ.

ನೀನು ಪೆನ್ನು ಮುಟ್ಟಬೇಡ.

ಅಕ್ಷರ ಸೊಟ್ಟಗಿದ್ರೆ ಬೈಬೇಡ, ನಿನ್ನ ಕಾಗದ ಓದಿ ಎದ್ದವಳು ನಿಂತ್ಕೊಂಡೇ ಬರೀತಾ ಇದ್ದೀನಿ.

ಜಹೀರ